ಮಿಸ್ಡ್ ಕಾಲ್, ಕಬಾಬು ಮತ್ತು ಅಮರಾವತಿಯ ಕಲ್ಲು

‘ತಲುಪಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಟ್ಟುಬಿಡು’ ಅಂತ ಹೇಳಿಸಿಕೊಳ್ಳದೆ ಊರಿನಿಂದ ಬಸ್ಸು ಹತ್ತಿದವರು ಒಂದು ಕಾಲಕ್ಕೆ ನಮ್ಮಲ್ಲಿ ಇರಲೇ ಇಲ್ಲ. ಒಂದು ರಿಂಗಾಗಿ ನಿಂತರೆ ಹಾಸ್ಟೆಲ್ ಸೇರಿಯಾಯಿತು ಅಂತ. ಎರಡು ಸಲ ಬಂದರೆ ಗೇಟಿನ ಹತ್ತಿರ ಬಾ ಅಂತ. ಬಿಡದೆ ಹೊಡೆದುಕೊಂಡರೆ ಮಾತ್ರ ಎತ್ತಬೇಕು. ಹತ್ತು ರೂಪಾಯಿ ಕರೆನ್ಸಿ ಹಾಕಿಸಿಕೊಂಡು ಅದನ್ನು ವಾರಗಟ್ಟಲೆ ಕಾಪಾಡಿಕೊಳ್ಳಬೇಕಾಗಿದ್ದ ಜನ ತಾವೇ ಕಟ್ಟಿಕೊಂಡ ಏರ್ಪಾಡು ಅದು. ಮನೆಮನೆಗೂ ಬೇರೆ ಲೆಕ್ಕ. ಯಾವ ಟೆಲಿಫೋನ್ ಕಂಪನಿಯೂ ಕಲಿಸಿಕೊಟ್ಟದ್ದಲ್ಲ. ಡಿಜಿಟಲ್ ಜಾಹೀರಾತು, ಇಂಟರ್‌ಆ್ಯಕ್ಟಿವ್ ಡಿಸೈನು ಅಂತ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಮಿಸ್ಡ್ ಕಾಲೇ. ನಮ್ಮ ದೇಶದಲ್ಲಿ ಈ ಕಸುಬು ಮಾಡಿದ ಕೆಲವು ಒಳ್ಳೆಯ ಕೆಲಸಗಳು ಇದರ ಮೇಲೆಯೇ ನಿಂತಿದ್ದವು.

2010ರಲ್ಲಿ ಬೆಂಗಳೂರಿನಲ್ಲಿ ಜಿಪ್‌ಡಯಲ್ ಅನ್ನುವ ಸಣ್ಣ ಕಂಪನಿ ಶುರುವಾಯಿತು. ಕಟ್ಟಿದವರು ಅಮೆರಿಕದಿಂದ ಬಂದ ವ್ಯಾಲರಿ ವ್ಯಾಗನರ್, ಜೊತೆಗೆ ಅಮಿಯ ಪಾಠಕ್ ಮತ್ತು ಸಂಜಯ್ ಸ್ವಾಮಿ. ಅವರು ಮಾಡುತ್ತಿದ್ದ ಕೆಲಸ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಹೋರ್ಡಿಂಗಿನ ಮೇಲೋ ಪೇಪರಿನ ಜಾಹೀರಾತಿನಲ್ಲೋ ಒಂದು ನಂಬರು. ನೀವು ಡಯಲ್ ಮಾಡುತ್ತೀರಿ, ಆ ಕಡೆಯ ಯಂತ್ರ ಎತ್ತದೆಯೇ ಕಟ್ ಮಾಡುತ್ತದೆ. ನಿಮಗೆ ಒಂದು ಪೈಸೆ ಖರ್ಚಿಲ್ಲ. ಸ್ವಲ್ಪ ಹೊತ್ತಿಗೆ ಎಸ್ಸೆಮ್ಮೆಸ್ ಬರುತ್ತದೆ: ಕ್ರಿಕೆಟ್ ಸ್ಕೋರು ಬೇಕೆಂದವರಿಗೆ ಸ್ಕೋರು, ಕೂಪನ್ನು ಬೇಕೆಂದವರಿಗೆ ಕೂಪನ್ನು. ಆ್ಯಪ್ ಬೇಡ, ಇಂಟರ್‌ನೆಟ್ ಬೇಡ, ಅಕ್ಷರ ಒತ್ತಿ ಟೈಪು ಮಾಡುವ ಕಷ್ಟವೂ ಬೇಡ. ಸಾವಿರ ರೂಪಾಯಿಯ ಸೆಟ್ಟು ಹಿಡಿದವನಿಗೂ ಲಕ್ಷದ ಫೋನು ಹಿಡಿದವನಿಗೂ ಒಂದೇ ಬಾಗಿಲು. 2015ರ ಜನವರಿಯಲ್ಲಿ ಟ್ವಿಟರ್ ಇದನ್ನು ಕೊಂಡುಕೊಂಡಿತು. ಭಾರತದಲ್ಲಿ ಟ್ವಿಟರ್ ಖರೀದಿಸಿದ ಮೊದಲ ಕಂಪನಿ ಇದು.

ಮಿಸ್ಡ್ ಕಾಲನ್ನು ಇನ್ನೂ ಮುಂದಕ್ಕೆ ಒಯ್ದದ್ದು ಹಿಂದುಸ್ತಾನ್ ಯೂನಿಲಿವರ್. ಬಿಹಾರ, ಜಾರ್ಖಂಡಿನ ಹಳ್ಳಿಗಳಲ್ಲಿ ಆಗ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಟಿವಿ ಕಡಿಮೆ, ಪೇಪರು ಇನ್ನೂ ಕಡಿಮೆ. ಸೋಪು ಮಾರುವವರ ಮಾತು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ಆದರೆ ಜನರ ಜೇಬಿನಲ್ಲಿ ಮೊಬೈಲು ಇತ್ತು. 2013ರಲ್ಲಿ ‘ಕಾನ್ ಖಜೂರಾ ಟೇಸನ್’ ಅಂತ ಹೆಸರಿಟ್ಟು ಒಂದು ಫೋನ್ ರೇಡಿಯೊ ಶುರು ಮಾಡಿದರು. ಮಿಸ್ಡ್ ಕಾಲ್ ಕೊಟ್ಟರೆ ಅದೇ ತಿರುಗಿ ಫೋನ್ ಮಾಡುತ್ತದೆ. ಕಿವಿಗಿಟ್ಟುಕೊಂಡರೆ ಸಿನಿಮಾ ಹಾಡು, ಚಟಾಕಿ, ನಿರೂಪಕನ ಮಾತು, ನಡುನಡುವೆ ಸೋಪು ಶಾಂಪೂವಿನ ಜಾಹೀರಾತು. ಗದ್ದೆ ಬದುವಿನಲ್ಲಿ ಕೂತು, ಕರೆಂಟಿನ ಹಂಗಿಲ್ಲದೆ, ಕಾಸು ಖರ್ಚಿಲ್ಲದೆ ಕೇಳಬಹುದಾಗಿತ್ತು. 2014ರ ಕಾನ್ ಲಯನ್ಸ್ ಜಾಹೀರಾತು ಉತ್ಸವದಲ್ಲಿ ಇದಕ್ಕೆ ಮೂರು ಚಿನ್ನ ಬಂತು. ನನ್ನ ಮೆಚ್ಚುಗೆಗೆ ಕಾರಣ ಬೇರೆ. ಜಾಹೀರಾತು ಸಾಮಾನ್ಯವಾಗಿ ನಮ್ಮ ಹೊತ್ತನ್ನು ಕಿತ್ತುಕೊಳ್ಳುತ್ತದೆ. ನಾವು ಏನೋ ಓದುತ್ತಿರುವಾಗ ಅಡ್ಡ ಬಂದು ನಿಲ್ಲುತ್ತದೆ. ಇದು ಜನ ತಾವಾಗಿ ಕರೆದಾಗ ಮಾತ್ರ ಬರುತ್ತಿತ್ತು, ಬಂದಾಗ ಏನಾದರೂ ತರುತ್ತಿತ್ತು.

ಈ ಜಾಣತನ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ ಅನ್ನುವುದಕ್ಕೆ ನಮ್ಮ ಮೈಸೂರು ಸ್ಯಾಂಡಲ್ ಸೋಪೇ ಸಾಕ್ಷಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಯುರೋಪಿಗೆ ಹೋಗುತ್ತಿದ್ದ ಗಂಧದ ಮರ ಹೋಗದೆ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ವಿಶ್ವೇಶ್ವರಯ್ಯನವರು ಅದರಿಂದ ಇಲ್ಲೇ ಎಣ್ಣೆ ತೆಗೆಸಿ ಸೋಪು ಮಾಡಿಸಲು ಹೊರಟರು. ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಆ ವಿದ್ಯೆ ಕಲಿಸಿದರು. ಜನ ಅವರನ್ನು ಸೋಪ್ ಶಾಸ್ತ್ರಿ ಅಂತಲೇ ಕರೆದರು. ಒಡವೆಯ ಡಬ್ಬಿ ಹೋಲುವ ಪೆಟ್ಟಿಗೆ, ಮೊಟ್ಟೆಯಾಕಾರದ ಸೋಪು, ಮೇಲೆ ಶರಭದ ಗುರುತು. ಇದನ್ನು ದೇಶಕ್ಕೆಲ್ಲ ತಿಳಿಸಬೇಕಲ್ಲ? ಟ್ರಾಮಿನ ಟಿಕೇಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಜಾಹೀರಾತು ಹಾಕಿಸಿದರು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದರು. ಟಿಕೇಟು ಅಂದರೆ ಇಳಿಯುವವರೆಗೆ ಕೈಯಲ್ಲೇ ಇರುವ ಚೀಟಿ. ಬೆಂಕಿಪೊಟ್ಟಣ ದಿನಕ್ಕೆ ಹತ್ತು ಸಲ ಜೇಬಿನಿಂದ ಹೊರಗೆ ಬರುತ್ತದೆ. ಜನರ ಕೈಯಲ್ಲಿ ಈಗಾಗಲೇ ಏನಿದೆ ಅಂತ ಮೊದಲು ನೋಡಿ, ಆಮೇಲೆ ಜಾಹೀರಾತು ಯೋಚಿಸಿದವರ ಕೆಲಸ ಅದು. ಮಿಸ್ಡ್ ಕಾಲಿನವರು ಮಾಡಿದ್ದೂ ಅದನ್ನೇ. ಗಮನಿಸಬೇಕಾದ ಡಿಜಿಟಲ್ ಕೆಲಸ ಯಾವುದು ಅಂತ ನನ್ನನ್ನು ಯಾರಾದರೂ ಕೇಳಿದರೆ ನಾನು ಮೊದಲು ಹುಡುಕುವುದು ಈ ನೋಟವನ್ನು. ಯಾವ ತಂತ್ರಜ್ಞಾನ, ಎಷ್ಟು ಬಜೆಟ್ಟು ಅನ್ನುವ ವಿಚಾರ ಆಮೇಲಿನದು.

ವೆಬ್ಬಿನ ಮೊದಲ ಬ್ಯಾನರ್ ಜಾಹೀರಾತಿನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಅನ್ನುವ ತಾಣದಲ್ಲಿ ಎಟಿ ಆ್ಯಂಡ್ ಟಿ ಕಂಪನಿಯ ಪಟ್ಟಿಯೊಂದು ಕಾಣಿಸಿಕೊಂಡಿತು. ಇಲ್ಲಿ ಯಾವತ್ತಾದರೂ ಮೌಸ್ ಒತ್ತಿದ್ದೀರಾ ಅಂತ ಕೇಳಿ, ಒತ್ತೇ ಒತ್ತುತ್ತೀರಿ ಅಂತ ತಾನೇ ಉತ್ತರ ಹೇಳುತ್ತಿತ್ತು. ನೋಡಿದ ನೂರರಲ್ಲಿ 44 ಜನ ಒತ್ತಿದರು ಅಂತ ಲೆಕ್ಕ. ಒತ್ತಿದವರಿಗೆ ಸಿಕ್ಕಿದ್ದು ಟೆಲಿಫೋನ್ ಮಾರುವ ಪುಟವಲ್ಲ. ಜಗತ್ತಿನ ಕಲಾ ಮ್ಯೂಸಿಯಮ್ಮುಗಳಿಗೆ ದಾರಿ. ಇವತ್ತು ಸಾವಿರ ಜನ ನೋಡಿದರೆ ಅಂಥ ಪಟ್ಟಿಯನ್ನು ಒತ್ತುವವರು ಬೆರಳೆಣಿಕೆ. ಹೊಸತನ ಹೋಯಿತು ಅನ್ನುವುದು ಒಂದು ಕಾರಣ. ಒತ್ತಿದವರಿಗೆ ಏನನ್ನಾದರೂ ಕೊಡುವ ಅಭ್ಯಾಸ ತಪ್ಪಿಹೋಯಿತು ಅನ್ನುವುದು ಅದಕ್ಕಿಂತ ದೊಡ್ಡ ಕಾರಣ ಅಂತ ನನ್ನ ನಂಬಿಕೆ.

ಈಗ ಕಬಾಬಿಗೆ ಬರೋಣ. 2018ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಮ್ ಧ್ವನಿ ಸಂದೇಶ ಕಳಿಸುವ ಸೌಲಭ್ಯ ಕೊಟ್ಟಿತು. ಗುಂಡಿ ಒತ್ತಿಹಿಡಿದು ಮಾತಾಡಿದರೆ ಮಾತಿನ ಏರಿಳಿತ ಪರದೆಯ ಮೇಲೆ ಗೆರೆಗಳಾಗಿ ಮೂಡುತ್ತದೆ. ಜೋರು ದನಿಗೆ ಉದ್ದ ಗೆರೆ, ಮೆಲುದನಿಗೆ ಗಿಡ್ಡ ಗೆರೆ, ಮೌನಕ್ಕೆ ಬರೀ ಚುಕ್ಕೆ. ಎಲ್ಲರೂ ಕಂಡರು, ಮುಂದೆ ಹೋದರು. ಬೆಂಗಳೂರಿನ ಸ್ವಿಗ್ಗಿ ಮತ್ತು ಅದರ ಜಾಹೀರಾತು ಸಂಸ್ಥೆ ಡೆಂಟ್ಸು ವೆಬ್‌ಚಟ್ನಿ ಮಾತ್ರ ಆ ಗೆರೆಗಳಲ್ಲಿ ಊಟ ಕಂಡರು. 2019ರ ಆರಂಭದಲ್ಲಿ ‘ವಾಯ್ಸ್ ಆಫ್ ಹಂಗರ್’ ಅಂತ ಪಂದ್ಯ ಕಟ್ಟಿದರು. ನಿಮ್ಮ ದನಿಯಿಂದಲೇ ಕಬಾಬ್ ಕಡ್ಡಿಯ ಆಕಾರ ಬರಿಸಿ ಕಳಿಸಿ; ಪ್ಯಾನ್‌ಕೇಕಿನ ಅಟ್ಟಿ ಬರಿಸಿ; ಮೀನು ಬರಿಸಿ. ಗೆದ್ದವರಿಗೆ ಒಂದು ವರ್ಷದ ಊಟದ ವೋಚರು.

ಇದನ್ನು ಮಾಡಿ ನೋಡಿದರೆ ಗೊತ್ತಾಗುತ್ತದೆ ಎಷ್ಟು ಕಷ್ಟ ಅಂತ. ಕಬಾಬಿಗೆ ಮೊದಲು ಉಸಿರು ಬಿಗಿಹಿಡಿದು ಸುಮ್ಮನಿರಬೇಕು, ಅದು ಬರಿಯ ಕಡ್ಡಿ. ಆಮೇಲೆ ಒಂದೇ ಮಟ್ಟದಲ್ಲಿ ‘ಆ’ ಅಂತ ಜೋರಾಗಿ ಎಳೆಯಬೇಕು, ಅದು ಮೊದಲ ತುಂಡು. ತಟ್ಟನೆ ನಿಲ್ಲಿಸಬೇಕು. ಮತ್ತೆ ಅಷ್ಟೇ ಹೊತ್ತು, ಅಷ್ಟೇ ಎತ್ತರದ ‘ಆ’. ದನಿ ಸ್ವಲ್ಪ ನಡುಗಿದರೆ ತುಂಡಿನ ಅಂಚು ಮುಕ್ಕಾಗುತ್ತದೆ. ಮೀನಿಗೆ ಬೇರೆಯೇ ವರಸೆ: ಸಣ್ಣಗೆ ಶುರುಮಾಡಿ ದಪ್ಪ ಮಾಡುತ್ತ ಹೋಗಿ, ಮತ್ತೆ ಕಿರಿದಾಗಿಸಿ, ಕೊನೆಗೆ ಬಾಲಕ್ಕೆ ಒಮ್ಮೆ ಕೂಗು. ಸಂಗೀತದ ಮೇಷ್ಟರು ಮಂದ್ರ ತಾರ ಸಾಧನೆ ಮಾಡಿಸುವ ಹಾಗೆಯೇ ಇದು. ಸಾವಿರಾರು ಹುಡುಗ ಹುಡುಗಿಯರು ಕೋಣೆಯ ಬಾಗಿಲು ಹಾಕಿಕೊಂಡು ಕೂಗಿದರು, ಸ್ನೇಹಿತರಿಗೆ ತೋರಿಸಿದರು, ಮತ್ತೆ ಕೂಗಿದರು. ಹೋರ್ಡಿಂಗಿಲ್ಲ, ಟಿವಿಯಿಲ್ಲ, ಹೊಸ ಸಾಫ್ಟ್‌ವೇರಿಲ್ಲ. ಇನ್ನೊಬ್ಬರು ಬೇರೆ ಯಾವುದಕ್ಕೋ ಕಟ್ಟಿದ ಸೌಲಭ್ಯದ ಒಂದು ಮೂಲೆಯನ್ನು ನೋಡುವ ಕಣ್ಣು ಮಾತ್ರ ಇತ್ತು. ಆ ವರ್ಷದ ಕಾನ್‌ನಲ್ಲಿ ಇದಕ್ಕೂ ಪ್ರಶಸ್ತಿಗಳು ಬಂದವು.

ಧ್ವನಿ ಸಂದೇಶದ ಮಾತು ಬಂದದ್ದರಿಂದ ಹೇಳುತ್ತೇನೆ. ಕನ್ನಡದವರಿಗೆ ಇದು ಬರೀ ಮೋಜಿನ ಸಂಗತಿಯಲ್ಲ. ಫೋನಿನಲ್ಲಿ ಒತ್ತಕ್ಷರ, ದೀರ್ಘ, ಅರ್ಕಾವತ್ತು ಹುಡುಕಿ ಟೈಪು ಮಾಡುವ ತಾಳ್ಮೆಯಿಲ್ಲದೆ ಎಷ್ಟೋ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಅದೂ ಒಗ್ಗದ ಹಿರಿಯರು ಗುಂಡಿ ಒತ್ತಿಹಿಡಿದು ಮಾತಾಡಿ ಕಳಿಸುತ್ತಾರೆ. ಮದುವೆಯ ಕರೆಯೋಲೆ, ಅಡಕೆ ರೇಟು, ಮೊಮ್ಮಗಳಿಗೆ ಬೈಗುಳ, ಎಲ್ಲವೂ ದನಿಯಲ್ಲೇ. ಕೀಬೋರ್ಡು ಅಡ್ಡಗಟ್ಟಿದ ಕಡೆ ಕನ್ನಡ ಬಾಯಿಮಾತಿನ ದಾರಿ ಹಿಡಿದಿದೆ. ಕನ್ನಡಿಗರಿಗಾಗಿ ಡಿಸೈನ್ ಮಾಡುವವರು ಈ ದಾರಿಯಲ್ಲಿ ಯಾಕೆ ಹೆಚ್ಚು ಕಾಣುವುದಿಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಸರದ ವಿಷಯ. ಮುಂಬಯಿಯಲ್ಲೋ ದೆಹಲಿಯಲ್ಲೋ ಇಂಗ್ಲಿಷಿನಲ್ಲಿ ಯೋಚಿಸಿದ ಆಟವನ್ನು ಕೊನೆಯ ವಾರದಲ್ಲಿ ಕನ್ನಡಕ್ಕೆ ಇಳಿಸಿ, ಅಕ್ಷರಗಳು ಡಬ್ಬಿಯಿಂದ ಹೊರಗೆ ಚೆಲ್ಲುವಂತೆ ಹಾಕಿದ್ದನ್ನು ಎಷ್ಟು ಸಲ ನೋಡಿದ್ದೇವೆ!

ಹೊರದೇಶದ ಕೆಲಸಗಳಲ್ಲಿ ಬರ್ಗರ್ ಕಿಂಗಿನ ಕೋಳಿವೇಷದವನ ಬಗ್ಗೆ ಎಲ್ಲರೂ ಬರೆಯುತ್ತಾರೆ. 2004ರಲ್ಲಿ ಬಂದ ವೆಬ್ ತಾಣ ಅದು. ನೀವು ಟೈಪು ಮಾಡಿದ ಅಪ್ಪಣೆಯನ್ನು ವೇಷಧಾರಿ ಅಲ್ಲೇ ಪಾಲಿಸಿದಂತೆ ಕಾಣುತ್ತಿತ್ತು. ನಿಜದಲ್ಲಿ ಮೊದಲೇ ಚಿತ್ರೀಕರಿಸಿಟ್ಟ ನೂರಾರು ತುಣುಕುಗಳು. ಆ ಕಾಲಕ್ಕೆ ಅದು ದೊಡ್ಡ ಸಂಗತಿ, ಒಪ್ಪುತ್ತೇನೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು 2010ರ ‘ದಿ ವೈಲ್ಡರ್‌ನೆಸ್ ಡೌನ್‌ಟೌನ್’. ನಿರ್ದೇಶಕ ಕ್ರಿಸ್ ಮಿಲ್ಕ್, ಗೂಗಲ್‌ನಲ್ಲಿದ್ದ ಆರನ್ ಕೋಬ್ಲಿನ್ ಮತ್ತು ಗೆಳೆಯರು ಆರ್ಕೇಡ್ ಫೈರ್ ತಂಡದ ಒಂದು ಹಾಡಿಗೆ, ಬ್ರೌಸರಿನಲ್ಲೇ ನೋಡುವಂತೆ ಮಾಡಿದ ವಿಡಿಯೊ. ಗೂಗಲ್‌ಗೆ ತನ್ನ ಕ್ರೋಮ್ ಬ್ರೌಸರಿನ ಶಕ್ತಿ ತೋರಿಸಬೇಕಾಗಿತ್ತು. ಅದು ಕೇಳುವುದು ಒಂದೇ ಪ್ರಶ್ನೆ: ನೀವು ಬೆಳೆದ ಮನೆಯ ವಿಳಾಸ ಯಾವುದು? ಬರೆದರೆ ಸಾಕು, ಪರದೆಯ ತುಂಬ ಒಂದೊಂದಾಗಿ ಕಿಟಕಿಗಳು ತೆರೆದುಕೊಳ್ಳುತ್ತವೆ. ಒಂದರಲ್ಲಿ ತಲೆಗೆ ಮುಸುಕು ಹಾಕಿಕೊಂಡ ಯಾರೋ ಓಡುತ್ತಿರುತ್ತಾರೆ. ಇನ್ನೊಂದರಲ್ಲಿ ಹಕ್ಕಿಗಳ ಹಿಂಡು. ಮತ್ತೊಂದರಲ್ಲಿ ಆಕಾಶದಿಂದ ಕಾಣುವ ನಿಮ್ಮ ಬಡಾವಣೆ, ಅಲ್ಲಿಂದ ಕೆಳಗಿಳಿದು ನಿಮ್ಮದೇ ಬೀದಿ, ನಿಮ್ಮದೇ ಮನೆಯ ಮುಂಭಾಗ. ನಡುವೆ ಹಾಡು ನಿಮ್ಮನ್ನು ಕೇಳುತ್ತದೆ, ಚಿಕ್ಕಂದಿನ ನಿಮಗೆ ನೀವೇ ಒಂದು ಕಾಗದ ಬರೆಯಿರಿ ಅಂತ. ಬರೆದ ಅಕ್ಷರಗಳಿಂದ ಕೊಂಬೆಗಳು ಚಿಗುರುತ್ತವೆ. ಕೊನೆಗೆ ಆ ಬೀದಿಯ ತುಂಬ ಮರಗಳು ನೆಲ ಸೀಳಿಕೊಂಡು ಏಳುತ್ತವೆ. ಹಾಡು ಎಲ್ಲರಿಗೂ ಒಂದೇ, ಬೀದಿ ಮಾತ್ರ ಅವರವರದು. ನೋಡಿದವರು ಅತ್ತದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮವರಿಗೆ ಆ ಅನುಭವ ಪೂರ್ತಿ ಸಿಗಲಿಲ್ಲ. ಬೀದಿಗಳ ಚಿತ್ರ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಭಾರತದಲ್ಲಿ ಆಗ ಇರಲಿಲ್ಲ. 2011ರ ಮೇ ತಿಂಗಳಲ್ಲಿ ಗೂಗಲ್‌ನ ಕಾರುಗಳು ಬೆಂಗಳೂರಿನ ಬೀದಿಗಳನ್ನು ಚಿತ್ರೀಕರಿಸಲು ಹೊರಟವು, ಜೂನ್‌ನಲ್ಲಿ ಪೊಲೀಸರು ನಿಲ್ಲಿಸಿದರು. ಸ್ಟ್ರೀಟ್ ವ್ಯೂ ಮತ್ತೆ ಬಂದದ್ದು 2022ರಲ್ಲಿ, ಬೆಂಗಳೂರೂ ಸೇರಿ ಹತ್ತು ನಗರಗಳಿಗೆ. ಅಷ್ಟರಲ್ಲಿ ಬಸವನಗುಡಿಯ, ಮಲ್ಲೇಶ್ವರದ ಎಷ್ಟೋ ವಠಾರಗಳು, ಹೆಂಚಿನ ಮನೆಗಳು, ಕಾಂಪೌಂಡಿನ ಸಂಪಿಗೆ ಮರಗಳು ಹೋಗಿ ಅಪಾರ್ಟ್‌ಮೆಂಟು ಎದ್ದಿದ್ದವು. ಆ ಬೀದಿಗಳನ್ನು ಹಾಗೆ ಹಿಡಿದಿಟ್ಟ ಚಿತ್ರ ನಮಗೆ ಇನ್ನು ಸಿಗುವುದಿಲ್ಲ.

ಬೆಂಗಳೂರಿನಿಂದ ಹೊರಟ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ‘ದಿ ಅನ್‌ಫಿಲ್ಟರ್ಡ್ ಹಿಸ್ಟರಿ ಟೂರ್’. ವೈಸ್ ವರ್ಲ್ಡ್ ನ್ಯೂಸ್ ಅನ್ನುವ ಸುದ್ದಿಸಂಸ್ಥೆಗಾಗಿ ಮಾಡಿದ್ದು ಅದೇ ಬೆಂಗಳೂರಿನ ಡೆಂಟ್ಸು ತಂಡ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗುತ್ತೀರಿ. ರೊಸೆಟ್ಟಾ ಕಲ್ಲಿನ ಮುಂದೆ, ಬೆನಿನ್ ಕಂಚಿನ ಫಲಕಗಳ ಮುಂದೆ, ಈಸ್ಟರ್ ದ್ವೀಪದಿಂದ 1868ರಲ್ಲಿ ಹಡಗಿನಲ್ಲಿ ಸಾಗಿಸಿದ ಕಲ್ಲಿನ ಮೂರ್ತಿಯ ಮುಂದೆ ನಿಲ್ಲುತ್ತೀರಿ. ಪಕ್ಕದ ಫಲಕದಲ್ಲಿ ಮ್ಯೂಸಿಯಮ್ಮಿನವರು ಬರೆದ ನಾಲ್ಕು ಸಾಲು ಇದೆ. ನೀವು ಇನ್‌ಸ್ಟಾಗ್ರಾಮಿನ ಫಿಲ್ಟರ್ ತೆರೆದು ಫೋನನ್ನು ಆ ವಸ್ತುವಿನ ಕಡೆ ಹಿಡಿಯುತ್ತೀರಿ. ಆ ವಸ್ತುವಿನ ಮೇಲೆಯೇ ಚಿತ್ರಗಳು ಮೂಡುತ್ತವೆ; ಅದನ್ನು ಯಾರು, ಹೇಗೆ ಕೊಂಡೊಯ್ದರು ಅನ್ನುವ ಕಥೆ ನಡೆಯುತ್ತದೆ. ಹೇಳುವ ದನಿ ಆ ವಸ್ತು ಹೊರಟು ಬಂದ ನೆಲದವರದು. ಹತ್ತು ವಸ್ತುಗಳು, ಹತ್ತು ಕಥೆಗಳು. ಮ್ಯೂಸಿಯಮ್ಮಿನ ಅನುಮತಿ ಕೇಳಲಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯಲೂ ಇಲ್ಲ.

ಮುಖಕ್ಕೆ ನಾಯಿಕಿವಿ ಅಂಟಿಸಿಕೊಳ್ಳಲು ಜನ ಬಳಸುತ್ತಿದ್ದ ಫಿಲ್ಟರನ್ನು ತೆಗೆದುಕೊಂಡು ಇತಿಹಾಸ ಕೇಳಿಸಲು ಹೂಡಿದರಲ್ಲ, ಅಲ್ಲಿದೆ ಈ ಕೆಲಸದ ಸತ್ವ. ತಾಂತ್ರಿಕವಾಗಿಯೂ ಸುಲಭದ ಮಾತಲ್ಲ. ಫಿಲ್ಟರು ಮುಖವನ್ನು ಗುರುತಿಸಲು ಪಳಗಿದ್ದು. ಗಾಜಿನ ಹಿಂದೆ, ಹೊತ್ತಿಗೊಂದು ಬೆಳಕಿನಲ್ಲಿ ಇರುವ ಮುಕ್ಕಾದ ಕಲ್ಲನ್ನು ಗುರುತಿಸುವುದು ಬೇರೆ ಪಾಡು. 2022ರ ಕಾನ್ ಲಯನ್ಸ್‌ನಲ್ಲಿ ಇದಕ್ಕೆ ಮೂರು ಗ್ರ್ಯಾನ್ ಪ್ರಿ ಬಂದವು, ಜೊತೆಗೊಂದು ಟೈಟಾನಿಯಂ. ಬೆಂಗಳೂರಿನ ಡೆಂಟ್ಸು ಕ್ರಿಯೇಟಿವ್ ಆ ವರ್ಷದ ಅತ್ಯುತ್ತಮ ಏಜೆನ್ಸಿ ಅನ್ನಿಸಿಕೊಂಡಿತು. ಭಾರತದ ಏಜೆನ್ಸಿಯೊಂದಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಆ ಹತ್ತರಲ್ಲಿ ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಗಳೂ ಇದ್ದವು. ಮಾರ್ಬಲ್ ಅಂತ ಕರೆಯುತ್ತಾರೆ, ನಿಜಕ್ಕೆ ಪಲ್ನಾಡಿನ ಸುಣ್ಣಕಲ್ಲು. ಕಂಪನಿ ಸರ್ಕಾರದ ಅಧಿಕಾರಿ ವಾಲ್ಟರ್ ಎಲಿಯಟ್ 1845ರಲ್ಲಿ ಆ ಸ್ತೂಪವನ್ನು ಅಗೆಸಿದ. ಕಲ್ಲುಗಳು ಮದರಾಸಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದು 1859ರಲ್ಲಿ ಲಂಡನ್ನಿಗೆ ಹೋದವು. ಆ ಕಲ್ಲುಗಳ ಹತ್ತಿರದ ನೆಂಟರು ನಮ್ಮಲ್ಲೇ ಇದ್ದಾರೆ. ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕ, ಭೀಮಾ ನದಿಯ ದಡದ ಕನಗನಹಳ್ಳಿಯಲ್ಲಿ, 1994ರಿಂದಾಚೆಗಿನ ಉತ್ಖನನದಲ್ಲಿ ಸಿಕ್ಕ ಮಹಾಸ್ತೂಪ. ಅದೇ ಬಗೆಯ ಸುಣ್ಣಕಲ್ಲಿನ ಚಪ್ಪಡಿಗಳು. ಒಂದರ ಮೇಲೆ ರಾಣಿ ಪರಿವಾರದೊಂದಿಗೆ ನಿಂತ ರಾಜ, ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಅಂತ ಬರಹ. ಅಶೋಕನ ಹೆಸರು ಹೊತ್ತ ಚಿತ್ರ! ಬೆಂಗಳೂರಿನ ಹುಡುಗರು ಲಂಡನ್ನಿನ ಕಲ್ಲಿಗೆ ಬಾಯಿ ಕೊಟ್ಟರು ಅಂದಮೇಲೆ ಭೀಮೆಯ ದಡದ ಕಲ್ಲಿಗೂ ಕೊಡಬಲ್ಲರು. ಚೂರಾದ ಚಪ್ಪಡಿಗಳ ಮೇಲೆ ಫೋನು ಹಿಡಿದರೆ ಪೂರ್ತಿ ಸ್ತೂಪ ಎದ್ದು ನಿಲ್ಲಬೇಕು, ಬ್ರಾಹ್ಮಿ ಅಕ್ಷರ ಕನ್ನಡವಾಗಿ ಓದಿಸಿಕೊಳ್ಳಬೇಕು, ಕಥೆಯನ್ನು ಕಲಬುರಗಿಯ ಕನ್ನಡದಲ್ಲೇ ಯಾರಾದರೂ ಹೇಳಬೇಕು. ನೆಟ್‌ವರ್ಕು ಸಿಗದ ಜಾಗದಲ್ಲಿ ಬರೀ ದನಿಯಾದರೂ ಸಾಕು. ಯಾವ ಕಂಪನಿಯಾದರೂ ತನ್ನ ಹೆಸರು ಹಾಕಿಕೊಂಡು ಇದನ್ನು ಮಾಡಿಸಲಿ, ನನಗೆ ತಕರಾರಿಲ್ಲ. ಅಂಥ ಜಾಹೀರಾತಿಗೆ ನಾನೇ ಊರೂರು ತಿರುಗಿ ಪ್ರಚಾರ ಮಾಡುತ್ತೇನೆ.

2021ರ ದೀಪಾವಳಿಗೆ ಕ್ಯಾಡ್ಬರಿಯವರು ಮಾಡಿದ್ದನ್ನೂ ಬಿಡುವ ಹಾಗಿಲ್ಲ. ಶಾರುಖ್ ಖಾನ್ ಜಾಹೀರಾತಿನಲ್ಲಿ ನಿಮ್ಮ ಬೀದಿಯ ಬಟ್ಟೆಯಂಗಡಿಯ, ಕಿರಾಣಿ ಅಂಗಡಿಯ ಹೆಸರು ಹಿಡಿದು, ಅಲ್ಲಿಗೇ ಹೋಗಿ ಕೊಳ್ಳಿ ಅಂತ ಹೇಳಿದರು. ಅಂಗಡಿಯವರು ತಮ್ಮ ಹೆಸರು ಕೊಟ್ಟು ತಮ್ಮದೇ ಜಾಹೀರಾತು ಮಾಡಿಸಿಕೊಳ್ಳಬಹುದಿತ್ತು. ತುಟಿಯನ್ನೂ ದನಿಯನ್ನೂ ಹೊಂದಿಸಿದ್ದು ಯಂತ್ರ; ಅದರ ಹಿಂದೆ ಬೆಂಗಳೂರಿನ ರಿಫ್ರೇಸ್ ಎಐ ಇತ್ತು. ಕೊರೊನಾದಲ್ಲಿ ಸೊರಗಿದ್ದ ಸಣ್ಣ ವ್ಯಾಪಾರಿಗೆ ದೇಶದ ಅತಿ ದುಬಾರಿ ಮುಖ ಪುಕ್ಕಟೆ ಸಿಕ್ಕಿತು. ಇದೇ ವಿದ್ಯೆಯಿಂದ ಇಂದು ಗಣ್ಯರ ನಕಲಿ ವಿಡಿಯೊ ಮಾಡಿ ಜನರ ದುಡ್ಡು ದೋಚುತ್ತಿದ್ದಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಮುಖದ ಒಡೆಯ ಒಪ್ಪಿದ್ದಾನೆ, ಲಾಭ ಯಾರಿಗೆ ಅನ್ನುವುದು ಬಹಿರಂಗ, ಇದು ಯಂತ್ರದ ಕೆಲಸ ಅನ್ನುವುದನ್ನು ಮುಚ್ಚಿಟ್ಟಿಲ್ಲ. ಈ ಮೂರೂ ಇದ್ದದ್ದರಿಂದಲೇ ಅದನ್ನು ಮೆಚ್ಚುತ್ತೇನೆ. ಒಂದು ತಪ್ಪಿದ್ದರೂ ಮೆಚ್ಚುತ್ತಿರಲಿಲ್ಲ.

ಈ ಕೆಲಸಗಳ ಬಗ್ಗೆ ನನಗಿರುವ ದೊಡ್ಡ ಚಿಂತೆ ಅವುಗಳ ಆಯುಸ್ಸಿನದು. ಇನ್‌ಸ್ಟಾಗ್ರಾಮಿನಲ್ಲಿ ಹೊರಗಿನವರು ಮಾಡಿದ ಫಿಲ್ಟರುಗಳನ್ನೆಲ್ಲ ಮೆಟಾ ಕಂಪನಿ 2025ರ ಜನವರಿ 14ರಂದು ತೆಗೆದುಹಾಕಿತು. ಅವುಗಳನ್ನು ಮಾಡುವ ಸ್ಪಾರ್ಕ್ ಅನ್ನುವ ಸಲಕರಣೆಯೇ ಮುಚ್ಚಿತು. ಜಗತ್ತಿನ ಲಕ್ಷಾಂತರ ಕಲಾವಿದರ ವರ್ಷಗಳ ಕೆಲಸ ಒಂದೇ ದಿನಕ್ಕೆ ಹೋಯಿತು. ಇತ್ತ 2005ರಲ್ಲಿ ಅಲೆಕ್ಸ್ ಟ್ಯೂ ಅನ್ನುವ 21 ವರ್ಷದ ಇಂಗ್ಲಿಷ್ ಹುಡುಗ ಕಾಲೇಜು ಖರ್ಚಿಗಾಗಿ ತನ್ನ ವೆಬ್ ಪುಟದ ಜಾಗವನ್ನು ಚುಕ್ಕೆಗೊಂದು (ಪಿಕ್ಸೆಲ್ಲಿಗೊಂದು) ಡಾಲರಿನಂತೆ ಹತ್ತು ಲಕ್ಷ ಚುಕ್ಕೆಯಾಗಿ ಜಾಹೀರಾತಿಗೆ ಮಾರಿದ ‘ಮಿಲಿಯನ್ ಡಾಲರ್ ಹೋಮ್‌ಪೇಜ್’ ಬಹಳ ವರ್ಷ ಬಾಳಿತು, ಯಾಕೆಂದರೆ ಅದು ಅವನದೇ ಪುಟ. ಇನ್ನೊಬ್ಬರ ಅಂಗಳದಲ್ಲಿ ಕಟ್ಟಿದ್ದು ಅಂಗಳದ ಒಡೆಯನ ಮರ್ಜಿಯಲ್ಲಿರುತ್ತದೆ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿಯಲ್ಲಿ ಸಿನಿಮಾ ಪೋಸ್ಟರುಗಳಿಗೂ ಹಳೆಯ ಜಾಹೀರಾತುಗಳಿಗೂ ಕಲೆಯ ಸ್ಥಾನ ಕೊಟ್ಟಿದ್ದಾರೆ. ಅಂಥ ಕಡೆಗೆ ಈ ಊರಿನ ಏಜೆನ್ಸಿಗಳು ತಮ್ಮ ಕೆಲಸವನ್ನೂ ಒಪ್ಪಿಸಬೇಕು. ಪ್ರಶಸ್ತಿಗಾಗಿ ತಯಾರಿಸುವ ಎರಡು ನಿಮಿಷದ ವಿಡಿಯೊ ಸಾಲದು. ಕೋಡು ಬೇಕು, ಮೊದಲ ಗೀಚುಗಳು ಬೇಕು, ಬಳಸಿದವರು ಫೋನು ಹಿಡಿದು ನಿಂತ ಚಿತ್ರಗಳು ಬೇಕು. ಕಾನ್ ಖಜೂರಾದ ಒಂದು ದಿನದ ಪ್ರಸಾರ ಆರಂಭದಿಂದ ಕೊನೆಯವರೆಗೆ ಬೇಕು. ಕಬಾಬು ಬರಿಸಲು ಹೋಗಿ ಸೋತವರ ಕೂಗುಗಳನ್ನೂ, ಅವರ ಒಪ್ಪಿಗೆ ಪಡೆದು, ಗೆದ್ದವರ ಕೂಗಿನ ಪಕ್ಕದಲ್ಲೇ ಇಡಬೇಕು.